ಬಿಯರ್ ಪಾಪಣ್ಣನವರಿಗೆ ವಿಸ್ಕಿ ಕಲಿಸಿದ್ದು

ಹೋಟೆಲ್ ಕೆಲಸ ಕಲಿಸುವ ಕಾಲೇಜಿನವರು ಹೋದ ತಿಂಗಳು ನನ್ನನ್ನು ಮಾತಾಡಲು ಕರೆದಿದ್ದರು. ಮಂಡಿ ಮೊಹಲ್ಲಾದ ಒಂದೇ ಬಾರಿನಲ್ಲಿ ಆಯುಸ್ಸೆಲ್ಲ ಸವೆಸಿದವನು ನಾನು. ಟೈ ಕಟ್ಟಿಕೊಂಡ ಹುಡುಗ ಹುಡುಗಿಯರ ಮುಂದೆ ಮೈಕು ಹಿಡಿದು ನಿಂತಾಗ, ಇದರ ಬದಲು ಕೈಗೆ ಟ್ರೇ ಕೊಟ್ಟಿದ್ದರೆ ಸಾಕಿತ್ತು ಎನಿಸಿತು. ಶಿಸ್ತು, ಶುಚಿತ್ವ, ನಗುಮುಖ ಅಂತ ಬಾಯಿಗೆ ಬಂದದ್ದನ್ನೆಲ್ಲ ಒದರಿದೆ. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಬರೀ ಬಿಯರ್ ಕುಡ್ದು ಅಭ್ಯಾಸ ಇರೋರು ವಿಸ್ಕಿ ಸಿಪ್ ಮಾಡೋದು ಕಲೀಬೇಕು ಅಂತ ಬಂದ್ರೆ ಎಲ್ಲಿಂದ ಶುರು ಮಾಡಿಸ್ಬೇಕು?"

ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ಒಬ್ಬರನ್ನು ಬಿಟ್ಟು. ಅವರ ನೆನಪಾಗಿ ಉದ್ದ ಭಾಷಣ ಬೇಡವೆನಿಸಿತು. ಒಂದು ಚಮಚ ನೀರಿನಿಂದ ಶುರು ಮಾಡಿಸಮ್ಮ ಎಂದಷ್ಟೇ ಹೇಳಿ ಕೂತೆ. ಯಾಕೋ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಓದಿದರೆ ಸಂತೋಷ.

ಸಪ್ಲೈಯರ್ ಆಗಿ ಸೇರಿದೆ, ಕೌಂಟರಿನ ಹಿಂದೆ ನಿಂತು ರಿಟೈರ್ ಆದೆ. ನಡುವೆ ಯಾವಾಗ ಏನಾದೆ ಎಂಬುದು ನನ್ನ ಹೆಂಡತಿಗೇ ಬೇಡವಾದ ಕಥೆ, ನಿಮಗೆ ಬೇಡವೇ ಬೇಡ. ನನಗೆ ಕೆಲಸ ಕಲಿಸಿದವರು ಮ್ಯಾನೇಜರ್ ಸೋಮಣ್ಣ. ಹಣೆ ತುಂಬ ವಿಭೂತಿ ಬಳಿದುಕೊಂಡು ಬರುತ್ತಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ, ಆದರೆ ಕುಡಿಯುವವರ ಸಂಕಟ ಅವರಷ್ಟು ಬಲ್ಲವರನ್ನು ನಾನು ಕಾಣೆ. ಜಾಸ್ತಿಯಾದವರಿಗೆ "ಸಾಕು" ಅನ್ನಕೂಡದು, ಕೇಳದಿದ್ದರೂ ಒಂದು ಪ್ಲೇಟು ಮೊಸರನ್ನ ತಂದಿಡಬೇಕು ಎನ್ನುತ್ತಿದ್ದರು. ಮೊಸರನ್ನ ಕಂಡರೆ ಮನೆ ನೆನಪಾಗಿ ತಾವೇ ಎದ್ದು ಹೋಗುತ್ತಾರೆ ಎಂಬುದು ಅವರ ಅಂದಾಜು. ಬಹಳ ಸಲ ಅದು ಫಲಿಸಿದ್ದನ್ನು ನಾನೇ ಕಂಡಿದ್ದೇನೆ. ಇನ್ನೊಂದು ಮಾತನ್ನು ಅವರು ನಾನು ಸೇರಿದ ದಿನವೇ ಹೇಳಿದರು. ಒಂದು ಟೇಬಲ್ಲಿನಲ್ಲಿ ಕೇಳಿದ್ದನ್ನು ಇನ್ನೊಂದು ಟೇಬಲ್ಲಿಗೆ ಹೊತ್ತುಕೊಂಡು ಹೋಗಬಾರದು. ಗ್ಲಾಸು ಬಿದ್ದು ಒಡೆದರೆ ಬೈದು ಬಿಡುತ್ತಿದ್ದರು, ಹೀಗೆ ಮಾತು ಬಿದ್ದರೆ ಕೆಲಸದಿಂದಲೇ ತೆಗೆಯುತ್ತಿದ್ದರು.

ಹೊಸದರಲ್ಲಿ ನಾನು ಮಾಡಿದ ಎಡವಟ್ಟು ಒಂದೆರಡಲ್ಲ. ಬಿಸಿಲಲ್ಲಿ ಬಿದ್ದಿದ್ದ ಕ್ರೇಟಿನಿಂದ ಬಿಯರ್ ಬಾಟಲಿ ಎತ್ತಿಕೊಂಡು, ದಡಬಡ ಮೆಟ್ಟಿಲು ಹತ್ತಿ, ಮದುವೆ ಮನೆಯಿಂದ ನೇರ ಬಂದಿದ್ದ ಒಬ್ಬರ ರೇಷ್ಮೆ ಪಂಚೆಯ ಮೇಲೆ ಓಪನ್ ಮಾಡಿದ್ದೆ. ನೊರೆ ಅವರ ಮೀಸೆಯವರೆಗೂ ಹಾರಿತು. ಆದರೆ ಜೀವನ ಪೂರ್ತಿ ನೆನಪಿಟ್ಟುಕೊಂಡ ಎಡವಟ್ಟು ಬೇರೆ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಬಿಳಿ ಶರಟಿನ ದಪ್ಪ ಮನುಷ್ಯರೊಬ್ಬರು ವಿಸ್ಕಿ ಹೇಳಿದರು. ನಾನು ಎಲ್ಲರಿಗೂ ಮಾಡುವ ಹಾಗೆ, ಕೇಳದೆಯೇ, ಜಗ್ಗಿನಿಂದ ನೀರು ಸುರಿದು ಗ್ಲಾಸು ತುಂಬಿಸಿಬಿಟ್ಟೆ. ಅವರು ಗ್ಲಾಸನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಏನಪ್ಪಾ, ರಾಮನವಮಿ ಪಾನಕ ಮಾಡ್ಬುಟ್ಯಲ್ಲ" ಅಂದರು.

ಬೈಯಲಿಲ್ಲ. ಇನ್ನೊಂದು ತರಿಸಿ, ಜೊತೆಗೆ ಚಮಚ ತರಿಸಿ, ತಾವೇ ಒಂದು ಚಮಚ ನೀರು ಬಿಟ್ಟುಕೊಂಡರು. ಆಮೇಲೆ ಉಂಗುರದ ಬೆರಳನ್ನು ಅದ್ದಿ ನೆಲಕ್ಕೆ ಹನಿ ಚಿಮುಕಿಸಿದರು. ಅದು ತೀರಿಹೋದ ಹಿರಿಯರ ಪಾಲು. ನಮ್ಮ ಕಡೆ ಹಳಬರು ಇವತ್ತಿಗೂ ಹೀಗೆ ಮಾಡುತ್ತಾರೆ, ಅವರಿಗೆ ಕೊಡದೆ ತಾವು ಬಾಯಿಗಿಡುವುದಿಲ್ಲ. ಆಮೇಲೆಯೇ ಒಂದು ಗುಟುಕು, ಗುಟುಕು ಅಂದರೂ ಜಾಸ್ತಿಯೇ, ನಾಲಿಗೆ ಒದ್ದೆಯಾಗುವಷ್ಟು ಕುಡಿದು ಕಿಟಕಿಯಾಚೆ ಚಾಮುಂಡಿ ಬೆಟ್ಟದ ದೀಪ ನೋಡುತ್ತ ಕೂತರು.

ಅವರೇ ಬೆಲ್ಲದ ಗೌಡರು. ಮಂಡಿಯಲ್ಲಿ ಅವರ ಬೆಲ್ಲದ ಅಂಗಡಿ. ಅಚ್ಚು ಬೆಲ್ಲ ಮುರಿದು ಮೂಸಿದರೆ ಯಾವ ಸೀಮೆ ಕಬ್ಬು ಎಂದು ಹೇಳುವ ಮೂಗು. ಆ ಮೂಗಿಗೆ ವಿಸ್ಕಿ ಒಗ್ಗಿದ್ದು ಸಹಜ. ನನಗೆ ವಿಸ್ಕಿ ಕಲಿಸಿದವರು ಅವರೇ, ಅದೂ ಕುಡಿಸದೆ. ಡ್ಯೂಟಿಯಲ್ಲಿ ನಾನು ಕುಡಿಯುವ ಹಾಗಿರಲಿಲ್ಲವಲ್ಲ, ತಮ್ಮ ಖಾಲಿ ಗ್ಲಾಸನ್ನು ಕೊಟ್ಟು, ಇದನ್ನು ಇವತ್ತು ತೊಳೆಯಬೇಡ, ನಾಳೆ ಬೆಳಿಗ್ಗೆ ಮೂಸಿ ಆಮೇಲೆ ತೊಳಿ ಎಂದರು. ಮರುದಿನ ಮೂಸಿದೆ. ಘಾಟೆಲ್ಲ ಹಾರಿಹೋಗಿತ್ತು. ಒಣಗಿದ ತಳದಲ್ಲಿ ಹಣ್ಣಿನದೋ ಮರದ್ದೋ ಬೆಲ್ಲದ್ದೋ ಒಂದು ವಾಸನೆ ಉಳಿದಿತ್ತು. ಅವತ್ತಿನಿಂದ ಬೆಳಿಗ್ಗೆ ಗ್ಲಾಸು ತೊಳೆಯುವ ಕೆಲಸ ನನಗೆ ಬೇಸರವಾಗಲಿಲ್ಲ.

ಅವರ ಎದುರು ಪ್ರತಿ ಶನಿವಾರ ಸಂಜೆ ಕೂರುತ್ತಿದ್ದವರು ಪಾಪಣ್ಣನವರು. ಗೌಡರ ಸ್ಕೂಲಿನ ಜೊತೆಗಾರ. ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಶಿಫ್ಟು ಮುಗಿಸಿ ಬಸ್ಸು ಹಿಡಿದು ಬಂದವರು ಕೂರುವ ಮುಂಚೆಯೇ ಅರ್ಧ ಮಗ್ ಬಿಯರ್ ಇಳಿಸಿ "ಉಸ್ಸಪ್ಪಾ" ಅನ್ನುತ್ತಿದ್ದರು. ಬಿಸಿ ಮೆಷಿನ್ನುಗಳ ಪಕ್ಕ ದಿನವಿಡೀ ನಿಂತವರಿಗೆ ಬೇರೆ ಏನು ಬೇಕು? ಗೌಡರು ಪ್ರತಿ ವಾರ ತಮ್ಮ ಗ್ಲಾಸನ್ನು ಅವರ ಕಡೆ ತಳ್ಳಿ, ಒಂದೇ ಒಂದು ಗುಟುಕು ನೋಡೋ ಎನ್ನುತ್ತಿದ್ದರು. ಪಾಪಣ್ಣ ಪ್ರತಿ ವಾರ ಅದನ್ನು ವಾಪಸು ತಳ್ಳಿ, ಔಷಧಿ ನೆಕ್ಕೋದು ನಿನ್ನ ಕರ್ಮ, ನನಗ್ಯಾಕೆ ಎನ್ನುತ್ತಿದ್ದರು. ಗೌಡರು ಹನಿ ಚಿಮುಕಿಸುವಾಗಂತೂ ಅವರ ಗೇಲಿ ತಪ್ಪಿದ್ದಲ್ಲ. ನಿಮ್ಮಪ್ಪ ಟೇಬಲ್ ಕೆಳಗೆ ಬಾಯಿ ತೆರ್ಕೊಂಡು ಕೂತವ್ರಾ ಎಂದು ಬಗ್ಗಿ ನೋಡುತ್ತಿದ್ದರು. ಇಷ್ಟನ್ನೇ ವಾರವಾರವೂ ಆಡಿ ವಾರವಾರವೂ ನಗುವುದಕ್ಕೆ ಎಂಥ ಸ್ನೇಹ ಇರಬೇಕು! ನಾನು ಬೇಕೆಂದೇ ಆ ಟೇಬಲ್ಲಿನ ಹತ್ತಿರ ಸುಳಿದಾಡುತ್ತಿದ್ದೆ.

ಕಾಲ ಬದಲಾಯಿತು. ಕೈಯಳತೆಯಲ್ಲಿ ಸುರಿಯುತ್ತಿದ್ದ ಕಡೆ ಬಾಟಲಿಯ ಮೂತಿಗೇ ಸಿಕ್ಕಿಸುವ ಅಳತೆಯ ಮುಚ್ಚಳ ಬಂತು. ನಲ್ಲಿ ತಿರುಗಿಸಿದರೆ ಬಿಯರ್ ಬರುವುದೂ ಬಂತು. ಹೊಸ ಹುಡುಗರು ಗ್ಲಾಸಿನ ಫೋಟೋ ತೆಗೆದು ಮುಗಿಸುವ ಹೊತ್ತಿಗೆ ಐಸು ಕರಗಿ ವಿಸ್ಕಿ ಮತ್ತೆ ಪಾನಕವೇ ಆಗಿರುತ್ತಿತ್ತು. ನಾನು ಗೊಣಗಿದರೆ ಸೋಮಣ್ಣ, ಅವರ ಬಾಯಿ, ಅವರ ಇಷ್ಟ, ನಿಂದೇನು ಹೋಯ್ತು ಅನ್ನುತ್ತಿದ್ದರು. ಕಿಟಕಿ ಟೇಬಲ್ಲು ಮಾತ್ರ ಹಾಗೆಯೇ ಇತ್ತು. ಪಾಪಣ್ಣನವರ ಹೆಂಡತಿ ತೀರಿಕೊಂಡ ವರ್ಷವೂ ಅವರು ಬಂದರು. ಒಂದು ಶನಿವಾರವೂ ತಪ್ಪಲಿಲ್ಲ.

ಒಂದು ದಿನ ಮಧ್ಯಾಹ್ನ, ಬಾರು ಖಾಲಿ ಹೊಡೆಯುತ್ತಿದ್ದಾಗ, ಗೌಡರು ಒಬ್ಬರೇ ಬಂದು ಕೌಂಟರಿನ ಮುಂದೆ ನಿಂತರು. ಮುಖ ಇಳಿದಿತ್ತು. ಲಿವರ್ ಕೆಟ್ಟಿದೆ, ಇನ್ನು ಒಂದು ತೊಟ್ಟೂ ಕೂಡದು ಎಂದು ಡಾಕ್ಟರು ಹೇಳಿದ್ದಾರಂತೆ. ಅದಕ್ಕೇನು ಸಾರ್, ಶನಿವಾರ ಬನ್ನಿ, ನಿಂಬೆಹಣ್ಣಿನ ಸೋಡ ಕೊಡ್ತೀನಿ ಎಂದೆ. ಅವರು ತಲೆಯಾಡಿಸಿದರು.

"ಪಾಪಣ್ಣನ್ನ ನಿನಗೆ ಗೊತ್ತಿಲ್ವೇನೋ ಮಾದೇವ. ನಾನು ಬುಟ್ಟೆ ಅಂದ್ರೆ ಅವ್ನೂ ಬುಡ್ತಾನೆ. ಬುಟ್ಮೇಲೆ ಇಲ್ಲಿಗ್ಯಾಕೆ ಬತ್ತಾನೆ? ಹೆಂಡ್ತಿ ಹೋದ್ಮೇಲೆ ಅವ್ನು ಬಾಯ್ಬುಟ್ಟು ಮಾತಾಡೋದು ಈ ಒಂದು ಟೇಬಲ್ನಾಗೆ ಕಣೋ."

ಅವರು ಕೇಳಿದ್ದು ಇಷ್ಟು: ತಮ್ಮ ಗ್ಲಾಸಿಗೆ ವಿಸ್ಕಿಯ ಬದಲು ಹಾಲಿಲ್ಲದ ಟೀ ಹಾಕಿಕೊಡಬೇಕು, ಪಾಪಣ್ಣನಿಗೆ ಗೊತ್ತಾಗಬಾರದು. ಬೇರೆ ಯಾರಿಗಾದರೂ ಇದು ಆಗುತ್ತಿರಲಿಲ್ಲ. ಐಸಿಲ್ಲದೆ, ಸೋಡವಿಲ್ಲದೆ, ಗ್ಲಾಸಿನ ತಳದಲ್ಲಿ ಒಂದಿಷ್ಟು ಇಟ್ಟುಕೊಂಡು ಸಂಜೆಯೆಲ್ಲ ಕೂರುವವರು ಅವರೊಬ್ಬರೇ ಆದದ್ದರಿಂದ ಆಯಿತು.

ಬಣ್ಣ ಕೂಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಸ್ಟ್ರಾಂಗಾದರೆ ರಮ್ಮಿನ ಹಾಗೆ ಕಾಣುತ್ತಿತ್ತು, ಲೈಟಾದರೆ ಕಾಯಿಲೆಯವರ ಕಷಾಯ. ಮೊದಲ ಶನಿವಾರವೇ ಅಡುಗೆಮನೆಯ ಬಾಗಿಲಲ್ಲಿ ಸೋಮಣ್ಣನ ಕೈಗೆ ಸಿಕ್ಕಿಬಿದ್ದೆ. ಟ್ರೇಯಿಂದ ಗ್ಲಾಸು ಎತ್ತಿ ಮೂಸಿದರು. ಕಿಟಕಿ ಟೇಬಲ್ಲಿನ ಕಡೆ ನೋಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಗ್ಲಾಸನ್ನು ಮತ್ತೆ ಟ್ರೇಯ ಮೇಲಿಟ್ಟು, ಪೂರ್ತಿ ಆರಿದೆಯಾ ನೋಡ್ಕೊ, ಹಬೆ ಬಂದ್ರೆ ಕೆಟ್ಟೆ ಎಂದು ಮೆಲ್ಲಗೆ ಹೇಳಿ ಹೋದರು. ಅಂಥ ಮೇಲಧಿಕಾರಿ ನಿಮಗೆಲ್ಲ ಸಿಗಲಿ.

ಗೌಡರು ತೀರಿಕೊಳ್ಳುವವರೆಗೂ ಹೀಗೇ ನಡೆಯಿತು. ಟೀ ಕುಡಿಯುತ್ತಲೇ, ಒಂದೇ ಒಂದು ಗುಟುಕು ನೋಡೋ ಎಂದು ಗ್ಲಾಸು ತಳ್ಳುತ್ತಿದ್ದರು. ಎಲ್ಲಿ ಗುಟ್ಟು ರಟ್ಟಾಗುತ್ತದೋ ಎಂದು ನಾನು ಅಲ್ಲೇ ಸುಳಿಯುತ್ತಿದ್ದೆ. ಪಾಪಣ್ಣ ಅದೇ ಮಾತು ಹೇಳಿ ವಾಪಸು ತಳ್ಳುತ್ತಿದ್ದರು. ಆಮೇಲೊಂದು ಶನಿವಾರ ಪಾಪಣ್ಣ ಒಬ್ಬರೇ ಬಂದು, ಅರ್ಧ ಮಗ್ ಇಳಿಸಿ, ಉಳಿದರ್ಧ ಮುಟ್ಟದೆ ಎದ್ದು ಹೋದರು. ಮತ್ತೆ ಬರಲಿಲ್ಲ. ಸ್ವಲ್ಪ ದಿನಕ್ಕೆ ನಾನೂ ರಿಟೈರ್ ಆದೆ. ಈಗ ಆ ಬಾರಿಗೆ ಏಸಿ ಹಾಕಿಸಿದ್ದಾರೆ. ಕಿಟಕಿ ಮುಚ್ಚಿ ಅಲ್ಲಿ ದೊಡ್ಡ ಟಿವಿ ನೇತುಹಾಕಿದ್ದಾರೆ. ಬೆಟ್ಟ ಕಾಣುವುದಿಲ್ಲ. ಒಮ್ಮೆ ಹೋಗಿ ನೋಡಿ, ಏನೂ ಕುಡಿಯದೆ ಇಳಿದು ಬಂದೆ.

ಇಷ್ಟಾದ ಮೇಲೆ ಹೋದ ವರ್ಷ, ಪಿತೃಪಕ್ಷ ಮುಗಿದ ವಾರ, ಪಾಪಣ್ಣ ನನ್ನ ಮನೆ ಹುಡುಕಿಕೊಂಡು ಬಂದರು. ಕೈಯಲ್ಲೊಂದು ಬಟ್ಟೆಚೀಲ. ಪಿತೃಪಕ್ಷದಲ್ಲಿ ನಮ್ಮ ಕಡೆ ತೀರಿಹೋದವರ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ, ಮಾಂಸವಾದರೂ ಸರಿ, ಬೀಡಿಯಾದರೂ ಸರಿ. ಗೌಡರ ಮನೆಯವರು ಅವರ ಬೀರುವಿನಲ್ಲಿದ್ದ ಒಂದು ಒಳ್ಳೆಯ ಮಾಲ್ಟ್ ವಿಸ್ಕಿಯನ್ನು ಇಟ್ಟಿದ್ದರಂತೆ. ಸೀಲು ಒಡೆದಿರಲಿಲ್ಲ. ಡಾಕ್ಟರು ಬೇಡವೆಂದ ಮೇಲೆ ಹಾಗೆಯೇ ಉಳಿದದ್ದು ಅದು ಎಂದು ನನಗೆ ನೋಡಿದ ಕೂಡಲೇ ಹೊಳೆಯಿತು. ಎಡೆ ಎತ್ತಿದ ಮೇಲೆ ಗೌಡರ ಹೆಂಡತಿ, ಮನೆಯಲ್ಲಿ ಕುಡಿಯುವವರಿಲ್ಲ, ನೀವೇ ತಗೊಂಡೋಗಿ ಅಣ್ಣ ಎಂದು ಅದನ್ನು ಪಾಪಣ್ಣನವರ ಕೈಗಿತ್ತಿದ್ದರು.

"ಇದ್ನ ಅವ್ನು ಕುಡೀತಿದ್ದಂಗೆ ಕುಡಿಯೋದು ಕಲಿಸು ಮಾದೇವ" ಅಂದರು ಪಾಪಣ್ಣ. "ಇರೋದು ಒಂದೇ ಬಾಟ್ಲು. ಇದು ಮುಗಿಯೋದ್ರೊಳ್ಗೆ ನನಗೆ ರುಚಿ ಹತ್ಬೇಕು."

ನನಗೆ ಧರ್ಮಸಂಕಟ. ಇವರು ಹುಡುಕುತ್ತಿರುವುದು ಗೆಳೆಯನ ಬಾಯಿಗೆ ಕೊನೆಯವರೆಗೂ ಹತ್ತಿದ್ದ ರುಚಿ. ಆ ರುಚಿ ಈ ಬಾಟಲಿಯಲ್ಲಿಲ್ಲ, ಟೀ ಪುಡಿಯ ಡಬ್ಬಿಯಲ್ಲಿದೆ ಎಂದು ಹೇಗೆ ಹೇಳಲಿ? ಹೇಳಿದರೆ ಗೌಡರಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಈ ಮುದುಕನನ್ನು ಕುರುಡು ದಾರಿಯಲ್ಲಿ ನಡೆಸಿದಂತೆ. ಸೋಮಣ್ಣನ ಮಾತು ನೆನಪಾಯಿತು. ಬಾಯಿ ಮುಚ್ಚಿಕೊಂಡು, ಶನಿವಾರ ಸಂಜೆ ಬನ್ನಿ ಎಂದೆ. ಒಳಗಿನಿಂದ ನನ್ನ ಹೆಂಡತಿ, ಮನೇಲೂ ಡ್ಯೂಟಿ ಶುರುವಾಯ್ತಾ ಎಂದಳು. ಆದರೂ ಶನಿವಾರಕ್ಕೆ ಕಡಲೆಬೀಜ ಹುರಿದಿಟ್ಟಿದ್ದಳು.

ಇಲ್ಲಿ ಆ ಹುಡುಗಿ ಗಮನವಿಟ್ಟು ಓದಬೇಕು. ಬಿಯರ್ ಕುಡಿಯುವವರು ವಿಸ್ಕಿಗೆ ಬಂದಾಗ ಮಾಡುವ ಮೊದಲ ತಪ್ಪು ಬಾಯಾರಿಕೊಂಡು ಬರುವುದು. ಹಾಗಾಗಿ ಮೊದಲು ಒಂದು ಚೊಂಬು ನೀರು ಕುಡಿಸಬೇಕು. ದಾಹ ತೀರಿಸುವ ಕೆಲಸ ಬಿಯರಿನದು, ವಿಸ್ಕಿಯದಲ್ಲ. ಪಾಪಣ್ಣನವರಿಗೂ ನೀರು ಕೊಟ್ಟೆ, ಅರ್ಧ ಕುಡಿದು ಇಟ್ಟರು. ಬಾಯಿ ಕಿರಿದಾದ ಗ್ಲಾಸಿನಲ್ಲಿ ಒಂದಿಷ್ಟೇ ಹಾಕಿಕೊಟ್ಟೆ. ನಾನು ಮಾತು ಮುಗಿಸುವ ಮುಂಚೆಯೇ, ಅಷ್ಟು ವರ್ಷದ ಅಭ್ಯಾಸ ನೋಡಿ, ಬಾಯ್ತುಂಬ ಎತ್ತಿಬಿಟ್ಟರು. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಹೆಂಡತಿ ಮಜ್ಜಿಗೆ ತಂದಳು. ವಾರ್ನಿಷ್ ಕಣೋ ಇದು, ಫ್ಯಾಕ್ಟರೀಲಿ ಇದನ್ನ ಕಬ್ಣಕ್ಕೆ ಬಳೀತಿದ್ವಿ ಎಂದು ಬೈದುಕೊಂಡು ಹೋದರು. ಇನ್ನು ಬರುವುದಿಲ್ಲ ಎಂದುಕೊಂಡೆ. ಮುಂದಿನ ಶನಿವಾರ ಕಡಲೆಬೀಜ ಹುರಿಯುವ ಮುಂಚೆಯೇ ಬಂದು ಕೂತಿದ್ದರು.

ಆಮೇಲೆ ನಿಧಾನವಾಗಿ ಹೋದೆವು. ಗ್ಲಾಸಿಗೆ ಮೂಗು ತೂರಿಸಕೂಡದು, ಗಲ್ಲದ ಹತ್ತಿರ ಹಿಡಿದು ಬಾಯಿ ಸ್ವಲ್ಪ ತೆರೆದುಕೊಂಡು ಉಸಿರೆಳೆಯಬೇಕು. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಕೂಡದು. ಅದು ಬಾಯಿಗೆ ಸುದ್ದಿ ಮುಟ್ಟಿಸಲು ಮಾತ್ರ, ಉರಿಯುತ್ತದೆ, ಉರಿಯಲಿ. ಎರಡನೆಯದರಲ್ಲಿ ರುಚಿ ಶುರುವಾಗುತ್ತದೆ. ಘಾಟು ಜಾಸ್ತಿ ಎನಿಸಿದರೆ ಒಂದು ಚಮಚ ನೀರು, ಸೋಡ ಬೇಡ, ಐಸು ಬೇಡ. ಐಸಿಗೆ ನಾಲಿಗೆ ಮರಗಟ್ಟಿದರೆ ಏನು ಗೊತ್ತಾದೀತು? ಇದೆಲ್ಲ ಹೇಳಿದರೂ ಅವರ ಗುಟುಕು ಚಿಕ್ಕದಾಗಲಿಲ್ಲ. ಕೊನೆಗೆ ನನ್ನ ಹೆಂಡತಿ ಬಿಸಿಬಿಸಿ ಫಿಲ್ಟರ್ ಕಾಫಿಯ ಲೋಟ ತಂದು ಅವರ ಕೈಗಿಟ್ಟಳು. ಸುಡುತ್ತಿತ್ತು. ಅಂಚಿಗೆ ತುಟಿ ತಾಗಿಸಿ ಸುರ್ ಎಂದು ಇಷ್ಟೇ ಇಷ್ಟು ಎಳೆದುಕೊಂಡರು. ಹಂಗೇ ಕಣಣ್ಣ, ಅದನ್ನೂ ಹಂಗೇ ಕುಡೀರಿ ಎಂದಳು ಅವಳು. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತ ನನಗೆ ಹೊಳೆಯದ ಪಾಠ ಅದು. ಅವತ್ತಿನಿಂದ ಅವರ ಗುಟುಕು ಸರಿಯಾಯಿತು. ಮೈಸೂರಿನವರಿಗೆ ವಿಸ್ಕಿ ಕಲಿಸುವುದಾದರೆ ಕಾಫಿಯಿಂದ ಕಲಿಸಿ.

ಬಿಯರಿನ ಬಗ್ಗೆ ಕೀಳಾಗಿ ಮಾತಾಡಕೂಡದು ಎಂಬುದನ್ನೂ ನೆನಪಿಡಿ. ಈ ಮಾಲ್ಟ್ ವಿಸ್ಕಿಯೂ ಬಾರ್ಲಿಯೇ, ನಿಮ್ಮ ಬಿಯರೂ ಬಾರ್ಲಿಯೇ, ಒಂದೇ ಮನೆಯವು ಎಂದಾಗ ಪಾಪಣ್ಣನ ಮುಖ ಅರಳಿತು. ಹಂಗಾದ್ರೆ ನಾವಿಬ್ರೂ ಒಂದೇ ಕುಡೀತಿದ್ವಿ ಅನ್ನು ಎಂದರು. ನಾನು ಕಡಲೆಬೀಜದ ಸಿಪ್ಪೆ ಊದುತ್ತ ಕೂತೆ. ಅವರು ಆಗಾಗ್ಗೆ ಹೀಗೆ ಕೆಣಕುತ್ತಿದ್ದರು. ಕೊನೇ ತನಕ ಇದನ್ನೇ ಅಲ್ವಾ ಅವ್ನು ಕುಡೀತಿದ್ದದ್ದು ಎಂದು ಕೇಳಿ ನನ್ನ ಮುಖ ನೋಡುತ್ತಿದ್ದರು. ನಾನು ಹೂಂ ಎನ್ನಲೂ ಆಗದೆ ಉಹೂಂ ಎನ್ನಲೂ ಆಗದೆ, ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಬಾಟಲಿ ಮಾತ್ರ ಇಳಿಯುತ್ತಲೇ ಇತ್ತು. ಅವರಿಗೆ ಉರಿ ಕಡಿಮೆಯಾಗಿತ್ತೇ ಹೊರತು ಒಳಗೆ ಏನೂ ಸಿಕ್ಕಿರಲಿಲ್ಲ. ಸಪ್ಪೆ ಕಣೋ, ಏನೂ ಗೊತ್ತಾಗಲ್ಲ, ನನ್ನ ನಾಲಿಗೆ ಸತ್ತೋಗ್ಯದೆ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆಗ ಗೌಡರು ನನಗೆ ಕಲಿಸಿದ್ದು ಜ್ಞಾಪಕವಾಯಿತು. ಪಾಪಣ್ಣನವರ ಗ್ಲಾಸನ್ನು ತೊಳೆಯದೆ ಹಾಗೆಯೇ ಮುಚ್ಚಿಟ್ಟು, ನಾಳೆ ಬೆಳಿಗ್ಗೆ ಒಂದು ನಿಮಿಷ ಬಂದುಹೋಗಿ ಎಂದೆ. ಭಾನುವಾರ ಬೆಳಿಗ್ಗೆ ಬಂದರು. ಖಾಲಿ ಗ್ಲಾಸು ಕೊಟ್ಟೆ. ಏನೋ ತಮಾಷೆ ಎಂದುಕೊಂಡು ಮೂಸಿದರು. ಮತ್ತೆ ಮೂಸಿದರು. ಆಮೇಲೆ ಗ್ಲಾಸನ್ನು ಮುಖದಿಂದ ತೆಗೆಯಲೇ ಇಲ್ಲ.

"ಗೋಣಿಚೀಲ" ಅಂದರು. "ಬೆಲ್ಲ. ಹಳೇ ಮರದ ಗಲ್ಲಾಪೆಟ್ಗೆ. ಮಂಡಿಗೋದ್ರೆ ಅವ್ನು ಕೂತಿರ್ತಿದ್ನಲ್ಲ ಮಾದೇವ, ಅವ್ನ ಶರಟಿನ ವಾಸ್ನೆ ಇಂಗೇ ಇತ್ತು."

ಅಳುತ್ತಿದ್ದರು, ಮುಚ್ಚಿಡಲಿಲ್ಲ. ನನಗೂ ಆ ಕಿಟಕಿ, ಆ ಬಿಳಿ ಶರಟು, ನನ್ನ ಪಾನಕ, ಎಲ್ಲ ಒಟ್ಟಿಗೇ ನೆನಪಾಗಿ ತಡೆಯಲಾಗಲಿಲ್ಲ. ಗೌಡರು ಬೇಕಿತ್ತು. ಆ ಶನಿವಾರಗಳು ಬೇಕಿತ್ತು. ಇನ್ನು ಎಲ್ಲಿಂದ ತರುವುದು?

ಬಾಟಲಿಯ ತಳದಲ್ಲಿ ಕೊನೆಯದೊಂದು ಉಳಿದಿದ್ದ ಶನಿವಾರ ಅವರು ಬಿಳಿ ಶರಟು ಹಾಕಿಕೊಂಡು ಬಂದರು. ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. ಸೋಮಣ್ಣನೂ ಇಲ್ಲ, ಗೌಡರೂ ಇಲ್ಲ, ಈ ಮನುಷ್ಯನಿಗೆ ನಿಜ ಹೇಳದೆ ಕೊನೆಯ ಗುಟುಕು ಕುಡಿಸುವುದು ನ್ಯಾಯವಲ್ಲ ಎನಿಸಿತು. ಅಣ್ಣ, ನಿಮಗೊಂದು ಹೇಳ್ಬೇಕು ಎಂದು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಟೀ ಇಚಾರ ತಾನೆ? ಗೊತ್ತು ಬುಡು."

ಬಣ್ಣದಲ್ಲಿ ತಪ್ಪಾಯಿತೇ, ಹಬೆ ಬಂದಿತ್ತೇ, ಯಾವತ್ತು ಎಡವಿದೆ ಎಂದು ಕೇಳಿದೆ. ಬಣ್ಣ ಬರೋಬ್ಬರಿ ಇತ್ತು, ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು ನಕ್ಕರು.

"ಅವ್ನು ಹನಿ ಚಿಮುಕ್ಸೋದು ನಿಲ್ಸ್ಬುಟ್ಟ ಕಣೋ. ನನಗೆ ಬೇಕಾದ್ರೆ ಸುಳ್ಳು ಹೇಳ್ಬೋದು, ಹಿರೀಕ್ರಿಗೆ ಟೀ ಕೊಟ್ಟು ವಿಸ್ಕಿ ಅನ್ನಕ್ಕಾಯ್ತದಾ?"

ಮೊದಲ ಶನಿವಾರವೇ ತಿಳಿದಿತ್ತಂತೆ. ತಿಳಿದೂ ತಾವು ಗೇಲಿ ಮಾಡುವುದನ್ನು ಸದ್ದಿಲ್ಲದೆ ಬಿಟ್ಟಿದ್ದರು. ಚಿಮುಕಿಸಲಿಲ್ಲ ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಗೌಡರು ನಾಚಿಕೊಂಡು ಬರುವುದನ್ನೇ ನಿಲ್ಲಿಸುತ್ತಿದ್ದರು ಎಂದರು. ಹಾಗಿದ್ದ ಮೇಲೆ ಇಷ್ಟು ಕಷ್ಟಪಟ್ಟು ಈ ವಿಸ್ಕಿ ಯಾಕೆ ಕಲಿತಿರಿ ಎಂದು ಕೇಳಿದೆ. ಅವರು ಬಾಟಲಿ ಬಗ್ಗಿಸಿ ಕೊನೆಯ ತೊಟ್ಟಿನವರೆಗೂ ತಾವೇ ಗ್ಲಾಸಿಗೆ ಸುರಿದುಕೊಂಡರು, ಒಂದು ಚಮಚ ನೀರು ಬಿಟ್ಟರು.

"ಅವ್ನು ನನಗೋಸ್ಕರ ಟೀ ಕುಡ್ದ. ನಾನು ಅವ್ನಿಗೋಸ್ಕರ ಇದ್ನ ಕುಡೀಬಾರ್ದಾ?"

ಉಂಗುರದ ಬೆರಳನ್ನು ಅದ್ದಿ ನೆಲಕ್ಕೆ ಹನಿ ಚಿಮುಕಿಸಿದರು. ಬಗ್ಗಿ ಟೇಬಲ್ಲಿನ ಕೆಳಗೊಮ್ಮೆ ನೋಡಿದರು. ಆಮೇಲೆ ಎದುರಿನ ಖಾಲಿ ಕುರ್ಚಿ ತೋರಿಸಿ, ನೀನೂ ಕೂತ್ಕೊಳೋ ಎಂದರು. ನಾನು ಒಳಗೆ ಹೋಗಿ ಟೀ ಕಾಯಿಸಿದೆ, ಪೂರ್ತಿ ಆರುವವರೆಗೂ ಕಾದು, ಗ್ಲಾಸಿನ ತಳದಲ್ಲಿ ಒಂದಿಷ್ಟು ಹಾಕಿಕೊಂಡು ಬಂದು ಅವರ ಎದುರು ಕೂತೆ. ಹಾಲು ಹಾಕಲಿಲ್ಲ.